ಕೋವಿಗೊಂದು ಬೀಗದ ಪೆಟ್ಟಿಗೆ

ಮಲೆನಾಡು ಮತ್ತು ಕರಾವಳಿಯ ತೋಟ ಗದ್ದೆಗಳಲ್ಲಿ ಕಾಡುಹಂದಿ, ಮಂಗ, ಮುಳ್ಳುಹಂದಿಗಳ ಹಾವಳಿ ಹೇಳತೀರದು. ಅವುಗಳನ್ನು ಬೆದರಿಸಿ ಓಡಿಸಲು ಬೆಳೆ ರಕ್ಷಣೆಯ ಪರವಾನಗಿ ಪಡೆದು ಕೋವಿ ಇಟ್ಟುಕೊಂಡ ರೈತರು ನಮ್ಮಲ್ಲಿ ಬಹಳ ಮಂದಿ. ಕೊಡಗಿನಲ್ಲಂತೂ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದಲೇ ವಿನಾಯಿತಿ ಉಂಟು. 2019ರಲ್ಲಿ ಕೇಂದ್ರ ಸರ್ಕಾರವು ಅದನ್ನು 2029ರವರೆಗೆ ಮುಂದುವರಿಸಿದೆ. ಆದರೆ ಈ ಕೋವಿಗಳು ಮನೆಯಲ್ಲಿ ಎಲ್ಲಿರುತ್ತವೆ ಎಂದು ನೋಡಿದರೆ, ಬಾಗಿಲ ಸಂದಿಯಲ್ಲಿ, ಅಟ್ಟದ ಮೇಲೆ, ಮಂಚದ ಕೆಳಗೆ, ಇಲ್ಲವೇ ಜಗಲಿಯ ಗೂಟದಲ್ಲಿ.

ಬೇಸಾಯಶಾಸ್ತ್ರದವನಿಗೆ ಕೋವಿಯ ಉಸಾಬರಿ ಏಕೆಂದು ಓದುಗರು ಕೇಳಬಹುದು. ಕೀಟನಾಶಕದ ಡಬ್ಬಿಯನ್ನು ಬೀಗ ಹಾಕಿಡಿ ಎಂದು ಊರೂರು ಸುತ್ತಿ ಹೇಳುವವರು ನಾವು. ಅದೇ ಬೆಳೆ ರಕ್ಷಣೆಯ ಹೆಸರಿನಲ್ಲಿ ಮನೆ ಸೇರಿದ ಇನ್ನೊಂದು ಸಲಕರಣೆಯ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿರುವುದು ಸರಿಯೆಂದು ನನಗೆ ತೋರುವುದಿಲ್ಲ.

"ಹಂದಿ ನುಗ್ಗಿದಾಗ ಬೀಗ ತೆಗೆಯುತ್ತಾ ಕೂರಲಾದೀತೇ?" ಎಂಬುದು ಸಾಮಾನ್ಯವಾಗಿ ಕೇಳಿಬರುವ ಆಕ್ಷೇಪಣೆ. ನಾಯಿ ಬೊಗಳಿದ್ದು ಕೇಳಿ ಎದ್ದು, ಟಾರ್ಚು ಹುಡುಕಿ, ಚಪ್ಪಲಿ ಮೆಟ್ಟಿ ಅಂಗಳಕ್ಕೆ ಇಳಿಯುವುದಕ್ಕೆ ಹಿಡಿಯುವ ಹೊತ್ತಿನ ಮುಂದೆ ಒಂದು ಬೀಗ ತೆಗೆಯುವ ಹೊತ್ತು ಎಷ್ಟರದು? ಆ ಅರ್ಧ ನಿಮಿಷದಲ್ಲಿ ಹಾಳಾಗುವ ಭತ್ತ ಒಂದೆರಡು ಬುಡವಿರಬಹುದು. ಈಡು ತುಂಬಿದ ಕೋವಿ ಎಂಟು ವರ್ಷದ ಹುಡುಗನ ಕೈಗೆ ಸಿಕ್ಕರೆ ಅವನಿಗೆ ಅರ್ಧ ನಿಮಿಷವೂ ಬೇಕಿಲ್ಲ.

ಇನ್ನು ಪೆಟ್ಟಿಗೆಯ ಮಾತು. ತಿಜೋರಿ ಎಂದೊಡನೆ ನಾಲ್ಕಾಳು ಹೊರುವ ಭಾರದ ವಸ್ತು ನೆನಪಾಗಿ ರೈತರು ಹಿಂಜರಿಯುವುದುಂಟು. ಭಾರವೇ ಭದ್ರತೆಯೆಂಬ ಈ ನಂಬಿಕೆಯೇ ದುಬಾರಿಯಾದುದು. ಪೆಟ್ಟಿಗೆಯನ್ನು ಕಳ್ಳ ಹೊತ್ತೊಯ್ಯದಂತೆ ತಡೆಯುವುದು ತೂಕವಲ್ಲ, ಗೋಡೆಗೆ ಬಿಗಿದ ಬೋಲ್ಟು. ಲೆಕ್ಕ ಹಾಕಿ ನೋಡೋಣ. 12 ಬೋರಿನ ತೋಟಾ ಕೋವಿಯ ನಳಿಗೆ ಸಾಮಾನ್ಯವಾಗಿ 30 ಅಂಗುಲ. ಹಿಡಿಯೂ ಸೇರಿ ಉದ್ದ ಸುಮಾರು 120 ಸೆಂ.ಮೀ. ಕೇಪಿನ ಕೋವಿ ಇದಕ್ಕಿಂತ ಉದ್ದವಿರುವುದುಂಟು, ಆದ್ದರಿಂದ ಅಳೆದೇ ಮಾಡಿಸಬೇಕು. 135 ಸೆಂ.ಮೀ. ಎತ್ತರ, 30 ಸೆಂ.ಮೀ. ಅಗಲ, 25 ಸೆಂ.ಮೀ. ಆಳದ ಪೆಟ್ಟಿಗೆಗೆ ಬೇಕಾಗುವ ತಗಡು ಸುಮಾರು 1.6 ಚದರ ಮೀಟರು. 2 ಮಿ.ಮೀ. ದಪ್ಪದ, ಅಂದರೆ 14 ಗೇಜಿನ ತಗಡಾದರೆ 26 ಕಿಲೋ. ಮಡಿಕೆ, ತಿರುಗಣಿ, ಬೀಗ ಸೇರಿ 30 ಕಿಲೋ ಹತ್ತಿರ ಬರುತ್ತದೆ. ಇಬ್ಬರು ಸಲೀಸಾಗಿ ಎತ್ತಿ ಜೀಪಿಗೆ ಹಾಕಬಹುದು. ಅದೇ ಪೆಟ್ಟಿಗೆಯನ್ನು 5 ಮಿ.ಮೀ. ತಗಡಿನಲ್ಲಿ ಮಾಡಿದರೆ ತಗಡೇ 64 ಕಿಲೋ ಆಗುತ್ತದೆ. ತಾಲ್ಲೂಕು ಪೇಟೆಯ ವೆಲ್ಡಿಂಗ್ ಅಂಗಡಿಯವನು ಇದನ್ನು ಮಾಡಿಕೊಡಬಲ್ಲ. ಅಂದಿನ ತಗಡಿನ ದರವನ್ನು ತೂಕಕ್ಕೆ ಗುಣಿಸಿ, ಕೂಲಿ ಮತ್ತು ಬೀಗದ ಬೆಲೆ ಕೂಡಿಸಿ, ಸಿದ್ಧ ಪೆಟ್ಟಿಗೆಯ ಬೆಲೆಯೊಡನೆ ಹೋಲಿಸಿ ನೋಡಿ.

ಮನೆಯಲ್ಲಿರುವ ಕಬ್ಬಿಣದ ಬೀರು ಸಾಲದೇ ಎಂದರೆ, ಸಾಲದು. ತಗಡು ತೆಳು, ಅಡ್ಡ ಹಲಗೆ ತೆಗೆಯದೆ ಕೋವಿ ನಿಲ್ಲದು. ಎಲ್ಲಕ್ಕಿಂತ ಹೆಚ್ಚಾಗಿ, ಸೀರೆಗೂ ಕಾಗದಪತ್ರಕ್ಕೂ ದಿನವಿಡೀ ತೆರೆಯುವ ಬೀರುವಿನ ಕೀಲಿ ಮನೆಮಂದಿಗೆಲ್ಲ ಗೊತ್ತಿರುತ್ತದೆ.

ಪೆಟ್ಟಿಗೆಯ ಹಿಂಬದಿಯಲ್ಲಿ ನಾಲ್ಕು ತೂತುಗಳಿರಲಿ, ಬೋಲ್ಟು ಒಳಗಿನಿಂದ ಬಿಗಿಯುವಂತಿರಲಿ. ಬಾಗಿಲು ತೆರೆಯಬಲ್ಲವನಿಗೆ ಮಾತ್ರ ಅದು ಬಿಚ್ಚಲು ಬರುತ್ತದೆ. ಹಂಚು ಬದಲಿಸುವಾಗಲೋ, ಅಣ್ಣತಮ್ಮಂದಿರು ಹಿಸ್ಸೆಯಾಗಿ ಬೇರೆ ಮನೆ ಹೂಡುವಾಗಲೋ ನಾಲ್ಕು ನಟ್ಟು ಕಳಚಿದರೆ ಪೆಟ್ಟಿಗೆ ಹೊರಟಿತು. (ಮನೆ ಬದಲಾದಾಗ ಪರವಾನಗಿ ಕೊಟ್ಟ ಅಧಿಕಾರಿಗೆ ತಿಳಿಸುವುದನ್ನು ಮರೆಯಕೂಡದು.) ಇಲ್ಲೊಂದು ಎಚ್ಚರಿಕೆ: ಅರಳುವ ಜಾತಿಯ ಆಂಕರ್ ಬೋಲ್ಟು ಕಾಂಕ್ರೀಟಿಗೆ ಒಳ್ಳೆಯದು, ನಮ್ಮ ಮುರಕಲ್ಲು ಮತ್ತು ಮಣ್ಣಿನ ಗೋಡೆಯಲ್ಲಿ ಕಲ್ಲು ಪುಡಿಯಾಗಿ ಸಡಿಲಗೊಳ್ಳುತ್ತದೆ. ಅಂಥ ಗೋಡೆಗೆ ಆಚೆ ಬದಿಯವರೆಗೂ ಸರಳು ತೂರಿಸಿ, ಅಲ್ಲಿ ಕಬ್ಬಿಣದ ಪಟ್ಟಿ ಕೊಟ್ಟು, ಸರಳನ್ನು ಪಟ್ಟಿಗೆ ಬೆಸುಗೆ ಹಾಕಿಸಿ, ನಟ್ಟು ಪೆಟ್ಟಿಗೆಯ ಒಳಗೇ ಬರುವಂತೆ ಬಿಗಿಯುವುದು ಉತ್ತಮ.

ಬೀಗ ಬಾಗಿಲಿನೊಳಗೇ ಇರುವ ಲಿವರ್ ಬೀಗವಾಗಿರಲಿ. ಹೊರಗೆ ತೂಗುವ ಬೀಗದ ಕೊಂಡಿಗೆ ಹಾರೆ ಸಿಕ್ಕಿಸುವುದು ಸುಲಭ. ಗುಂಡಿ ಒತ್ತುವ ವಿದ್ಯುನ್ಮಾನ ಬೀಗಗಳನ್ನು ನಾನು ಮಲೆನಾಡಿಗೆ ಶಿಫಾರಸು ಮಾಡಲಾರೆ, ಆರು ತಿಂಗಳ ತೇವಕ್ಕೂ ಬ್ಯಾಟರಿಗೂ ಆಗಿಬರುವುದಿಲ್ಲ. ಕೀಲಿಯನ್ನು ದೇವರ ಪಟದ ಹಿಂದೆ, ಬಾಗಿಲವಾಡದ ಮೇಲೆ ಇಡುವುದು ವ್ಯರ್ಥ, ಮಕ್ಕಳು ಮೊದಲು ಕೈಹಾಕುವುದೇ ಅಲ್ಲಿ. ಅದು ಪರವಾನಗಿದಾರನ ಉಡಿದಾರದಲ್ಲೋ ಜೇಬಿನಲ್ಲೋ ಇರಬೇಕು. ಬೆಳೆ ಕೈಕೊಟ್ಟು, ಸಾಲ ಮೇಲೆ ಬಂದು, ಆ ಪರವಾನಗಿದಾರನ ಮನಸ್ಸೇ ಕುಗ್ಗಿರುವ ದಿನಗಳಲ್ಲಿ ಕೋವಿ ಮನೆಯಲ್ಲೇ ಇರುವುದು ಬೇಡ. ಪೊಲೀಸ್ ಠಾಣೆಯಲ್ಲಾಗಲಿ ಪರವಾನಗಿ ಪಡೆದ ಕೋವಿ ವ್ಯಾಪಾರಿಯಲ್ಲಾಗಲಿ ಠೇವಣಿ ಇಡಲು 1959ರ ಆಯುಧ ಕಾಯಿದೆಯಲ್ಲಿ ಅವಕಾಶವಿದೆ; ಮನೆಯವರು ಆ ಮಾತನ್ನು ಎತ್ತಲು ಸಂಕೋಚಪಡಬಾರದು.

ಕೋವಿಯನ್ನು ಖಾಲಿ ಮಾಡಿಯೇ ಒಳಗಿಡಬೇಕು. ತೋಟಾಗಳಿಗೆ ಬೇರೆ ಬೀಗದ ಚಿಕ್ಕ ಖಾನೆ ಮಾಡಿಸಿ. ಕೇಪಿನ ಕೋವಿಯವರು ಈಡು ತುಂಬಿ, ಕೇಪು ತೆಗೆದಿದ್ದೇವೆಂದು ನೆಮ್ಮದಿಯಾಗಿರುತ್ತಾರೆ. ಒಳಗಿನ ಮದ್ದು ಅಲ್ಲೇ ಇದೆಯಲ್ಲ! ಕಪ್ಪು ಮದ್ದನ್ನು ಮಾತ್ರ ಬಿಗಿಯಾದ ಕಬ್ಬಿಣದ ಪೆಟ್ಟಿಗೆಯಲ್ಲಿ ಎಂದಿಗೂ ಇಡಕೂಡದು. ಇಕ್ಕಟ್ಟಿನಲ್ಲಿ ಹೊತ್ತಿಕೊಂಡ ಮದ್ದು ಬರಿದೇ ಉರಿಯುವುದಿಲ್ಲ, ಪೆಟ್ಟಿಗೆಯನ್ನೇ ಸಿಡಿಸುತ್ತದೆ. ಒಲೆಯಿಂದ ದೂರ, ಬೀಗವಿರುವ ಮರದ ಪೆಟ್ಟಿಗೆ ಅದಕ್ಕೆ ಸರಿಯಾದ ಜಾಗ.

ಮಳೆಗಾಲದಲ್ಲಿ ಮುಚ್ಚಿದ ಪೆಟ್ಟಿಗೆಯೊಳಗೆ ತುಕ್ಕು ಬೇಗ ಹಿಡಿಯುತ್ತದೆಂದು ದೂರುವವರ ಮಾತು ನಿಜ. ತೊಗಲಿನ ಚೀಲವಾಗಲಿ ಸ್ಪಂಜಾಗಲಿ ತೇವವನ್ನು ಹಿಡಿದಿಡುತ್ತವೆ, ಅವು ಬೇಡ. ಪೆಟ್ಟಿಗೆಯನ್ನು ನೆಲದಿಂದ 5 ಸೆಂ.ಮೀ. ಮೇಲೆ ಕೂರಿಸಿ, ಕೋವಿಗೆ ಎಣ್ಣೆ ಒರೆಸಿ, ಬೀಜದ ಡಬ್ಬಿಗೆ ಹಾಕುವ ಸಿಲಿಕಾ ಜೆಲ್ ಪೊಟ್ಟಣವನ್ನೇ ಒಳಗೆ ತೂಗುಹಾಕಿ. ಹರಳಿನ ಬಣ್ಣ ತಿರುಗಿದಾಗ ಬಿಸಿ ಮಾಡಿ ಒಣಗಿಸಿದರೆ ಮತ್ತೆ ಬಳಸಬಹುದು. ಪೊಟ್ಯಾಷ್, ಬ್ಲೀಚಿಂಗ್ ಪುಡಿ ಇಟ್ಟ ಉಗ್ರಾಣದಲ್ಲಿ ಪೆಟ್ಟಿಗೆ ಇಟ್ಟರೆ ಮಾತ್ರ ಯಾವ ಎಣ್ಣೆಯೂ ಉಳಿಸದು.

ಚುನಾವಣೆಗೆ ಮುಂಚೆ ಕೋವಿಗಳನ್ನು ಠಾಣೆಗೆ ಒಪ್ಪಿಸಬೇಕಾಗಿ ಬಂದಾಗ ಪೆಟ್ಟಿಗೆ ಕೆಲಕಾಲ ಬರಿದಾಗಿರುತ್ತದೆ. ಬೀಗವಿದೆಯಲ್ಲ ಎಂದು ಆಗ ಅದರೊಳಗೆ ಔಷಧಿ ಡಬ್ಬಿಗಳನ್ನು ತುಂಬಬೇಡಿ. ಕೋವಿ ಮರಳಿ ಬರುವ ಹೊತ್ತಿಗೆ ತಗಡಿನ ಬಣ್ಣ ಎದ್ದು ವಾಸನೆ ಹಿಡಿದಿರುತ್ತದೆ; ಔಷಧಿಗೆ ಬೇರೆಯೇ ಪೆಟ್ಟಿಗೆ ಮಾಡಿಸಿ.