ಕಂಪೈಲರ್ ಹೊಸತಾದರೆ ಸಾಕೇ?

2024ರ ಫೆಬ್ರವರಿ. ಹತ್ತನೆಯವರ ಐಟಿ ಪ್ರಾಯೋಗಿಕ ಪರೀಕ್ಷೆ ಹತ್ತಿರ ಬಂದಿತ್ತು. ಆಗಲೇ ಲ್ಯಾಬಿನ ಒಂದು ಲ್ಯಾಪ್‌ಟಾಪಿನ ವೈಫೈ ಕೈಕೊಟ್ಟಿತು. ಯುಎಸ್‌ಬಿ ವೈಫೈ ಕಡ್ಡಿಯೊಂದನ್ನು ತಂದೆ. ಅದರ ಡ್ರೈವರನ್ನು ನಾವೇ ಕಂಪೈಲ್ ಮಾಡಿಕೊಳ್ಳಬೇಕು. ಇದ್ದದ್ದು ಉಬುಂಟು 22.04, ಅದರ ಕಂಪೈಲರ್ ಜಿಸಿಸಿ 11. ಮೇಕ್ ಎಂದು ಕೊಟ್ಟೆ ನೋಡಿ, "ಈ ಆಯ್ಕೆ ನನಗೆ ಗೊತ್ತಿಲ್ಲ" ಅಂತ ಜಿಸಿಸಿ ಮುಷ್ಕರ ಹೂಡಿತು!

ಸಲಹೆ ಕೊಡುವವರಿಗೆ ಬರಗಾಲವೇ? "ಮಾಷ್ಟ್ರೇ, ಜಿಸಿಸಿ 13 ಹಾಕಿಬಿಡಿ, ಎಲ್ಲ ಸರಿಯಾಗ್ತದೆ" ಎಂದರು ಒಬ್ಬರು. "ಎಲ್ಲ ಅಳಿಸಿ ಹೊಸದಾಗಿ ಹಾಕಿ" ಎಂದರು ಮತ್ತೊಬ್ಬರು. ಪರೀಕ್ಷೆಯ ಹೊತ್ತಿಗೆ ಎಲ್ಲ ಅಳಿಸುವುದು! ಹೇಳುವವರಿಗೆ ಎಂತ.

ಪ್ರೊಕ್ ಎಂಬ ಫೋಲ್ಡರಿನಲ್ಲಿ ವರ್ಷನ್ ಅಂತ ಒಂದು ಕಡತ ಉಂಟು. ಓಡುತ್ತಿರುವ ಕರ್ನೆಲನ್ನು ಯಾವ ಕಂಪೈಲರಿನಿಂದ ಕಟ್ಟಿದ್ದಾರೆ ಎಂದು ಅದೇ ಹೇಳುತ್ತದೆ. ತೆರೆದು ನೋಡಿದರೆ ಕರ್ನೆಲ್ 6.5, ಕಟ್ಟಿದ್ದು ಜಿಸಿಸಿ 12ರಿಂದ. ಅಪ್‌ಡೇಟಿನಲ್ಲಿ ಹೊಸ ಕರ್ನೆಲ್ ಬಂದು ಕೂತಿತ್ತು, ಕಂಪೈಲರ್ ಮಾತ್ರ ಹಳೆಯದೇ. ಚರಾಂಶಗಳಲ್ಲಿ ಮೊದಲೇ ಸೊನ್ನೆ ತುಂಬಿಸಿಡುವ ಆಯ್ಕೆಯೊಂದನ್ನು ಆ ಕರ್ನೆಲ್ ಬಯಸುತ್ತದೆ. ಅದು ಜಿಸಿಸಿಗೆ ಬಂದದ್ದೇ 12ರಲ್ಲಿ. ಜಿಸಿಸಿ 12ನ್ನು ಪಕ್ಕದಲ್ಲಿ ಹಾಕಿ, ಈ ಡ್ರೈವರಿಗೆ ಮಾತ್ರ ಅದನ್ನು ಬಳಸು ಎಂದು ಮೇಕ್‌ಗೆ ಹೇಳಿದೆ. ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಉಳಿದದ್ದಕ್ಕೆ 11 ಹಾಗೆಯೇ ಇದೆ.

ನಮ್ಮೂರಿನ ಆಚಾರಿಗಳು ತಮ್ಮ ತಮ್ಮ ಕೋಲು ಹಿಡಿದು ಅಳೆಯುವವರು. ಬಾಗಿಲ ಚೌಕಟ್ಟಿಗೆ ಒಬ್ಬರ ಕೋಲು, ಬಾಗಿಲಿಗೆ ಇನ್ನೊಬ್ಬರ ಕೋಲು ಹಿಡಿದರೆ ಕದ ಕೂರುವುದಿಲ್ಲ. ಕರ್ನೆಲ್ ಚೌಕಟ್ಟು, ಡ್ರೈವರ್ ಕದ. ಆದ್ದರಿಂದ ಡ್ರೈವರಿಗೆ ಕರ್ನೆಲ್ ಕಟ್ಟಿದ ಕಂಪೈಲರನ್ನೇ ಹಿಡಿಯಿರಿ, ಪ್ಯಾಕೇಜುಗಳಿಗೆ ಆ ವಿತರಣೆಯದೇ ಕಂಪೈಲರ್ ಸಾಕು. ಎರಡೂ ಒಂದೇ ಆಗಿರಬೇಕೆಂಬ ಹಟ ನನಗಿಲ್ಲ.

ಇದೇನೂ ಹೊಸ ಸಂಗತಿಯಲ್ಲ. 2000ದಲ್ಲಿ ಬಂದ ರೆಡ್ ಹ್ಯಾಟ್ ಲಿನಕ್ಸ್ 7ರಲ್ಲಿ "ಜಿಸಿಸಿ 2.96" ಇತ್ತು. ಜಿಸಿಸಿಯವರು ಅಂಥದ್ದೊಂದನ್ನು ಬಿಡುಗಡೆಯೇ ಮಾಡಿರಲಿಲ್ಲ! ಅಭಿವೃದ್ಧಿಯ ನಡುವಿನ ಪ್ರತಿಯನ್ನು ಎತ್ತಿಕೊಂಡಿದ್ದರು. ಕರ್ನೆಲ್ ಕಟ್ಟಲು ಕೆಜಿಸಿಸಿ ಎಂಬ ಹಳೆಯ ಕಂಪೈಲರನ್ನು ಬೇರೆಯಾಗಿ ಇಟ್ಟಿದ್ದರು. ಜನ ಎರಡಕ್ಕೂ ಬೈದರು. ನನ್ನ ಮಟ್ಟಿಗೆ ಕೆಜಿಸಿಸಿ ತಪ್ಪಲ್ಲ, ಅದೇ ಜಾಣತನ. ತಪ್ಪಾದದ್ದು ಪ್ಯಾಕೇಜುಗಳ ಕಡೆ. 2.96ರಲ್ಲಿ ಕಟ್ಟಿದ ಸಿ++ ಪ್ರೋಗ್ರಾಮುಗಳು ಹಿಂದಿನ 2.95ಕ್ಕೂ ಹೊಂದಲಿಲ್ಲ, ಮುಂದೆ ಬಂದ 3.0ಗೂ ಹೊಂದಲಿಲ್ಲ.

ಅಂದು ಆ 13ರ ಮಾತು ಕೇಳಿದ್ದರೆ? ಡ್ರೈವರ್ ಬಹುಶಃ ಎಚ್ಚರಿಕೆಯೊಂದನ್ನು ತೋರಿಸಿ ಕಟ್ಟಿಕೊಳ್ಳುತ್ತಿತ್ತು. ಆದರೆ ಅದನ್ನೇ ಡೀಫಾಲ್ಟ್ ಮಾಡಿ ಒಂದು ಸಿ++ ಪ್ರೋಗ್ರಾಮ್ ಕಟ್ಟಿ, ಪೆನ್‌ಡ್ರೈವಿನಲ್ಲಿ ಪಕ್ಕದ ಗಣಕಕ್ಕೆ ಒಯ್ಯಿರಿ. ಅಲ್ಲಿನ ಹಳೆಯ ಸಿ++ ಲೈಬ್ರರಿ ಸಾಲದೆ ಅದು ತೆರೆಯದೇ ಇರಬಹುದು. ಮಕ್ಕಳು "ಸಾರ್, ಇದರಲ್ಲಿ ಬರುವುದಿಲ್ಲ" ಎನ್ನುವುದು ಆಗಲೇ.

ಹಾಗಂತ ಹಳೆಯದಕ್ಕೇ ಜೋತುಬೀಳುವವರ ಜತೆಗೂ ನಾನಿಲ್ಲ. 2021ರ ಕರ್ನೆಲ್ 5.15ಕ್ಕೆ ಕನಿಷ್ಠ ಜಿಸಿಸಿ 5.1 ಬೇಕು, 2025ರ 6.16ಕ್ಕೆ 8.1. ಅತ್ತ 2025ರಲ್ಲೇ ಬಂದ ಜಿಸಿಸಿ 15, ತಾನಾಗಿಯೇ ಸಿ23 ನಿಯಮ ಹಿಡಿಯುತ್ತದೆ. ಅದರಲ್ಲಿ ಟ್ರೂ, ಫಾಲ್ಸ್ ಭಾಷೆಯದೇ ಪದಗಳು. ತಮ್ಮದೇ ಟ್ರೂ, ಫಾಲ್ಸ್ ಇಟ್ಟುಕೊಂಡ ಹಳೆಯ ಕರ್ನೆಲುಗಳು ಇದರಲ್ಲಿ ಕಟ್ಟಿಕೊಳ್ಳದೆ ನಿಂತದ್ದುಂಟು.

ಈಗ ನಮ್ಮ ಲ್ಯಾಬಿನ ಸ್ಟಾಕ್ ರಿಜಿಸ್ಟರಿನಲ್ಲಿ ಪ್ರತಿ ಗಣಕದ ಎದುರು ಎರಡು ಕಲಂ ಹೆಚ್ಚು: ಕರ್ನೆಲ್ ಯಾವುದು, ಕಟ್ಟಿದ ಜಿಸಿಸಿ ಯಾವುದು. ಬರೆಯುವ ಕೆಲಸ ಒಂಬತ್ತನೆಯವರದ್ದು.