ಹೊಸ ಕೀಲು, ಹಳೆಯ ವೈರಿ

1893ನೆಯ ಇಸವಿ. ಪ್ಯಾರಿಸಿನ ಶಸ್ತ್ರವೈದ್ಯ ಜೂಲ್ ಎಮಿಲ್ ಪೆಯಾನನ ಬಳಿಗೆ ರೊಟ್ಟಿ ಸುಡುವ ಕಸುಬಿನವನೊಬ್ಬನು ಬಂದನು. ಕ್ಷಯರೋಗವು ಅವನ ಭುಜದ ಕೀಲನ್ನು ತಿಂದುಹಾಕಿತ್ತು. ತೋಳನ್ನು ಕತ್ತರಿಸಲು ಅವನು ಒಪ್ಪಲಿಲ್ಲ. ತೋಳಿಲ್ಲದೆ ಅವನ ಜೀವನ ಸಾಗುವುದೆಂತು? ಪೆಯಾನನು ದಂತವೈದ್ಯನೊಬ್ಬನಿಂದ ಪ್ಲಾಟಿನಂ ನಳಿಗೆಗೆ ಗಟ್ಟಿ ರಬ್ಬರಿನ ಗುಂಡನ್ನು ಸೇರಿಸಿದ ಕೀಲೊಂದನ್ನು ಮಾಡಿಸಿ ಅಲ್ಲಿ ಕೂರಿಸಿದನು. ತೋಳೇನೋ ಉಳಿಯಿತು. ಆದರೆ ಸುಮಾರು ಎರಡು ವರ್ಷಗಳಲ್ಲಿ ಭುಜ ಕೀವುಗೂಡಿ, ಆ ಕೀಲನ್ನು ಹೊರತೆಗೆಯಲೇಬೇಕಾಯಿತು.

ಇಂದು ಈ ಶಸ್ತ್ರಕ್ರಿಯೆಯಿಂದ ಬಹುಮಂದಿಗೆ ನೋವು ಶಮನವಾಗುತ್ತದೆ. ಆದರೂ ಭುಜವು ಸೊಂಟದಂತಲ್ಲ. ಸೊಂಟದ ಗುಂಡು ಆಳವಾದ ಬಟ್ಟಲಲ್ಲಿ ಕುಳಿತಿರುತ್ತದೆ. ಭುಜದ ಗುಂಡು ಹಣತೆಯ ಮೇಲಿಟ್ಟ ಕಿತ್ತಳೆಯಂತೆ. ಅದನ್ನು ಹಿಡಿದು ನಿಲ್ಲಿಸುವವು ಸುತ್ತಲಿನ ನಾಲ್ಕು ಸ್ನಾಯುಗಳು. ಅವು ಹರಿದಿದ್ದರೆ ಎಷ್ಟು ನುಣುಪಾದ ಲೋಹವಾದರೂ ಪ್ರಯೋಜನವಿಲ್ಲ. ಅಂಥವರಿಗಾಗಿಯೇ ಫ್ರಾನ್ಸಿನ ಪಾಲ್ ಗ್ರಾಮೋನ್ 1985ರಲ್ಲಿ ಗುಂಡನ್ನು ಹೆಗಲೆಲುಬಿಗೂ ಬಟ್ಟಲನ್ನು ತೋಳಿಗೂ ಕೂಡಿಸುವ ತಲೆಕೆಳಗಾದ ಕೀಲನ್ನು ರೂಪಿಸಿದನು. ಜಾಣತನದ ಉಪಾಯವೇ ಸರಿ. ಆದರೆ ಅದಕ್ಕೂ ಜಾರುವ ಭಯ ಉಂಟು: ಕೈಯನ್ನು ಬೆನ್ನ ಹಿಂದಕ್ಕೆ ಒಯ್ದು ಕಚ್ಚೆ ಸಿಗಿಸುವಾಗ, ಕುರ್ಚಿಯನ್ನು ಹಿಂದಕ್ಕೆ ಒತ್ತಿ ಮೇಲೇಳುವಾಗ. ಮೊದಲ ತಿಂಗಳುಗಳಲ್ಲಿ ಮನೆಯವರು ಇದನ್ನು ಗಮನಿಸಬೇಕು.

ಕೀಲಿನ ಬಳಿಯೇ ಹಾದುಹೋಗುವ ನರವು ಜಗ್ಗಿ ತೋಳು ಜೋಮುಗಟ್ಟುವುದುಂಟು. ಹೆಚ್ಚಿನಂಶ ಅದು ಕೆಲವು ತಿಂಗಳಲ್ಲಿ ಸರಿಹೋಗುತ್ತದೆ. ಸಾಮಾನ್ಯ ರೀತಿಯ ಕೀಲಿನಲ್ಲಿ ಪ್ಲಾಸ್ಟಿಕ್ ಬಟ್ಟಲು ವರ್ಷಗಳು ಕಳೆದಂತೆ ಸಡಿಲವಾಗಬಹುದು.

ಇವೆಲ್ಲಕ್ಕಿಂತ ವಂಚಕವಾದುದು ಪೆಯಾನನನ್ನು ಸೋಲಿಸಿದ ಆ ಹಳೆಯ ವೈರಿ, ಸೋಂಕು. ಮಧುಮೇಹಿಗಳಿಗೂ ಧೂಮಪಾನಿಗಳಿಗೂ ಅದರ ಅಪಾಯ ಹೆಚ್ಚು. ಮೊಡವೆಗಳೊಡನೆ ನಂಟುಳ್ಳ ಕ್ಯುಟಿಬ್ಯಾಕ್ಟೀರಿಯಂ ಆಕ್ನಿಸ್ ಎಂಬ ಅಣುಜೀವಿ ಭುಜದ ಚರ್ಮದ ಎಣ್ಣೆಗ್ರಂಥಿಗಳಲ್ಲಿ ವಾಸಿಸುತ್ತದೆ. ಚರ್ಮದ ಮೇಲ್ಭಾಗವನ್ನು ಎಷ್ಟು ಶುಚಿಗೊಳಿಸಿದರೂ ಅದು ಒಳಗೆ ಉಳಿದೀತು. ಈ ಸೋಂಕಿನಲ್ಲಿ ಅನೇಕವೇಳೆ ಜ್ವರವಿರದು, ಕೀವಿರದು, ಕೆಂಪೂ ಕಾಣದು. ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ, ಚೆನ್ನಾಗಿ ಆಡುತ್ತಿದ್ದ ತೋಳು ಬಿಗಿಯುತ್ತದೆ, ನೋಯುತ್ತದೆ. “ವಯಸ್ಸಾಯಿತಲ್ಲ, ಇದ್ದದ್ದೇ” ಎಂದು ಹಿರಿಯರು ಸುಮ್ಮನಾಗುತ್ತಾರೆ. ಮನೆಯವರೂ ಎಣ್ಣೆ ತಿಕ್ಕಿ ಸಮಾಧಾನಪಡುತ್ತಾರೆ. ಆ ನೋವನ್ನು ಶಸ್ತ್ರವೈದ್ಯರಿಗೆ ತೋರಿಸಲೇಬೇಕು. ಈ ಜೀವಿ ಬೆಳೆಯುವುದು ಅತಿ ನಿಧಾನವಾದುದರಿಂದ, ಭುಜದೊಳಗಿಂದ ತೆಗೆದ ಮಾದರಿಯನ್ನು ಪ್ರಯೋಗಶಾಲೆಯಲ್ಲಿ ಎರಡು ವಾರಗಳವರೆಗೂ ಇಟ್ಟು ನೋಡುತ್ತಾರೆ. ಸೋಂಕು ನಿಜವೆಂದಾದರೆ ಕೆಲವೊಮ್ಮೆ ಕೀಲನ್ನೇ ತೆಗೆದು, ಔಷಧ ಕೊಟ್ಟು, ಮತ್ತೊಮ್ಮೆ ಹೊಸದನ್ನು ಕೂರಿಸಬೇಕಾಗುತ್ತದೆ.