ಟ್ರೈಲರಿನ ಗಾಲಿಗೂ ಆರೈಕೆ ಬೇಕು

ಎತ್ತಿನ ಬಂಡಿಯ ಕಾಲದಲ್ಲಿ ಕೀಲೆಣ್ಣೆಯಿಲ್ಲದೆ ದೂರ ಪ್ರಯಾಣಕ್ಕೆ ಹೊರಡುವ ಬಂಡಿಕಾರನು ವಿರಳ. ಅಚ್ಚು ಕಿರುಗುಟ್ಟಿದೊಡನೆ ಗಾಲಿಗೆ ಎಣ್ಣೆ ಹಾಕುವುದು ಎತ್ತಿಗೆ ಮೇವು ಹಾಕುವಷ್ಟೇ ಸಹಜವಾದ ಕರ್ತವ್ಯವಾಗಿತ್ತು. ಈಗ ಬಸವಕಲ್ಯಾಣ, ಹುಮನಾಬಾದ್ ತಾಲೂಕುಗಳ ಕಬ್ಬು ಟ್ರಾಕ್ಟರಿನ ಟ್ರೈಲರುಗಳಲ್ಲಿ ಕಾರ್ಖಾನೆ ಸೇರುತ್ತದೆ. ಟ್ರಾಕ್ಟರಿನ ಎಣ್ಣೆಯನ್ನು ತಪ್ಪದೆ ಬದಲಾಯಿಸುವವರೂ ಟ್ರೈಲರಿನ ಗಾಲಿಯನ್ನು ಬಿಚ್ಚಿ ನೋಡುವುದಿಲ್ಲ. ಎಂಜಿನ್ ಇಲ್ಲದ ವಾಹನಕ್ಕೆ ಆರೈಕೆಯೇಕೆಂಬ ಭಾವನೆಯೇ ಇದಕ್ಕೆ ಕಾರಣವೆಂದು ತೋರುತ್ತದೆ. ಈ ಭಾವನೆ ಅಪಾಯಕರವೆಂದು ನಾವು ಹೇಳಬಯಸುತ್ತೇವೆ.

ಪ್ರತಿಯೊಂದು ಗಾಲಿಯ ನಡುವಣ ಹಬ್‌ನಲ್ಲಿ ಸಾಮಾನ್ಯವಾಗಿ ಎರಡು ಬೇರಿಂಗುಗಳಿರುತ್ತವೆ. ಒಂದು ತುದಿಗೆ ಕಿರಿದಾಗುತ್ತ ಹೋಗುವ ಉಕ್ಕಿನ ಉರುಳೆಗಳು ಎರಡು ಉಂಗುರಗಳ ನಡುವೆ ಉರುಳುತ್ತ ಹೊರೆಯನ್ನು ಹೊರುತ್ತವೆ. ಗ್ರೀಸಿನ ತೆಳುಪೊರೆ ಲೋಹಕ್ಕೆ ಲೋಹ ಉಜ್ಜದಂತೆ ಕಾಪಾಡುತ್ತದೆ. ಅಮೆರಿಕದ ಹೆನ್ರಿ ಟಿಮ್ಕೆನ್ 1898ರಲ್ಲಿ ಈ ಬಗೆಯ ಬೇರಿಂಗಿಗೆ ಪೇಟೆಂಟು ಪಡೆದರು. ಆತ ಕುದುರೆಗಾಡಿಗಳ ತಯಾರಕರೆಂಬುದು ಇಲ್ಲಿ ಗಮನಾರ್ಹ.

ಬೇರಿಂಗಿನ ಮೊದಲನೆಯ ಶತ್ರು ನೀರು. ಓಡಿ ಬಿಸಿಯಾದ ಹಬ್ ಹಳ್ಳದ ನೀರಿಗೆ ಇಳಿದೊಡನೆ ತಣಿಯುತ್ತದೆ. ಒಳಗಿನ ಗಾಳಿ ಕುಗ್ಗಿ, ಸವೆದ ಸೀಲಿನ ಸಂದಿನಿಂದ ನೀರೂ ಕೆಸರೂ ಒಳಸೇರುತ್ತವೆ. ದೋಣಿಗಳನ್ನು ನೀರಿಗಿಳಿಸುವ ಟ್ರೈಲರುಗಳ ಬೇರಿಂಗು ಬೇಗನೆ ಕೆಡುವುದೂ ಹೀಗೆಯೇ. ಮುಂದೆ ತಿಂಗಳುಗಟ್ಟಲೆ ನಿಂತ ಗಾಲಿಯೊಳಗೆ ಆ ನೀರು ತುಕ್ಕು ಹಿಡಿಸುತ್ತದೆ. ಎರಡನೆಯ ಶತ್ರು ಅತಿಹೊರೆ. ಹೊರೆ ಇಮ್ಮಡಿಯಾದರೆ ಉರುಳೆ ಬೇರಿಂಗಿನ ಆಯುಷ್ಯ ಲೆಕ್ಕದ ಪ್ರಕಾರ ಸುಮಾರು 10ರಲ್ಲಿ 1 ಭಾಗಕ್ಕೆ ಇಳಿಯುತ್ತದೆ. ಗ್ರೀಸು ಕೆಟ್ಟ ಬೇರಿಂಗು ಕಾದು ಮುರಿದರೆ ಗಾಲಿಯೇ ಅಚ್ಚಿನಿಂದ ಕಳಚಬಹುದು. ಹುಮನಾಬಾದಿನ ಮೂಲಕ ಹಾಯುವ 65ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ, ಕತ್ತಲಲ್ಲಿ, ಹೀಗೆ ಕಬ್ಬಿನ ಹೊರೆ ಮಗುಚಿದರೆ ಹಿಂದೆ ಬರುವ ಬಸ್ಸಿನ ಪ್ರಯಾಣಿಕರ ಗತಿಯೇನು?

ಆರೈಕೆಯ ಕ್ರಮ ಕಠಿಣವಲ್ಲ. ಬರಿದಾದ ಟ್ರೈಲರನ್ನು ಜಾಕಿನಿಂದ ಎತ್ತಿ, ಭದ್ರವಾದ ಮರದ ದಿಮ್ಮಿಯ ಮೇಲೆ ನಿಲ್ಲಿಸಬೇಕು. ಗಾಲಿಯನ್ನು ತಿರುಗಿಸಿದಾಗ ಗರಗರ ಸದ್ದಾಗುತ್ತದೆಯೇ, ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಓಲಾಡುತ್ತದೆಯೇ ಎಂದು ನೋಡಬೇಕು. ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ, ಗುಳಿ ಬಿದ್ದಿದ್ದರೆ ಅಥವಾ ಶಾಖದಿಂದ ನೀಲಿಯಾಗಿದ್ದರೆ ಬದಲಾಯಿಸಬೇಕು. ಹೊಸ ಗ್ರೀಸನ್ನು ಉರುಳೆಗಳ ನಡುವೆ ಸೇರುವಂತೆ ಅಂಗೈಯಿಂದ ಒತ್ತಿ ತುಂಬಬೇಕು. ಸೀಲೂ ಸ್ಪ್ಲಿಟ್ ಪಿನ್ನೂ ಹೊಸವಾಗಿರಲಿ. ಗಾಲಿಯನ್ನು ತಿರುಗಿಸುತ್ತ ನಟ್ಟನ್ನು ಬಿಗಿದು, ಬಳಿಕ ಓಲಾಟವಿಲ್ಲದೆ ಸರಾಗವಾಗಿ ತಿರುಗುವಷ್ಟು ಸಡಿಲಿಸಬೇಕು. ಅತಿಬಿಗಿಯಾದರೆ ಬೇರಿಂಗು ಕಾಯುತ್ತದೆ. ಅತಿಸಡಿಲವಾದರೆ ಉರುಳೆಗಳು ಬಡಿದಾಡುತ್ತವೆ.

ಕಬ್ಬು ಕಡಿಯುವ ಕಾಲದಲ್ಲಿ ಇದಕ್ಕೆ ಬಿಡುವೆಲ್ಲಿ ಎಂದು ರೈತರು ಕೇಳುವುದು ನ್ಯಾಯವೇ. ಆದುದರಿಂದಲೇ ಈ ಕೆಲಸ ಹಂಗಾಮಿಗೆ ಮುಂಚೆ ಆಗಬೇಕು. ಇದರ ಹೊಣೆಯನ್ನು ರೈತನೊಬ್ಬನ ಮೇಲೆಯೇ ಹೊರಿಸುವುದೂ ಉಚಿತವಲ್ಲ. ಸಕ್ಕರೆ ಕಾರ್ಖಾನೆಗಳು ಸಾಗಣೆಯ ಕರಾರು ಮಾಡಿಕೊಳ್ಳುವಾಗಲೇ ಗಾಲಿಗಳ ಪರೀಕ್ಷೆಗೆ ಒಂದು ದಿನವನ್ನು ಗೊತ್ತುಪಡಿಸಿ, ಊರಿನ ಮೆಕ್ಯಾನಿಕ್ಕುಗಳನ್ನು ಕರೆಸಬೇಕು. ಮುಂದೆ ಕಾರ್ಖಾನೆಯ ಅಂಗಳದಲ್ಲಿ ಸಾಲು ನಿಂತಾಗ ಪ್ರತಿಯೊಂದು ಹಬ್‌ನ ಬಳಿ ಕೈಯೊಡ್ಡಿ, ಉಳಿದವುಗಳಿಗಿಂತ ಹೆಚ್ಚು ಬಿಸಿಯಾದುದನ್ನು ಗುರುತಿಸುವ ಅಭ್ಯಾಸವಾಗಬೇಕು.

ಒಂದಿಷ್ಟು ಗ್ರೀಸು, ಒಂದು ಸೀಲು, ಒಂದು ಪಿನ್ನು: ಒಂದು ಗಾಲಿಗೆ ತಗಲುವ ವೆಚ್ಚ ಇಷ್ಟೇ. ಕಬ್ಬನ್ನು ತೂಗುವಲ್ಲಿ ತೋರುವ ಎಚ್ಚರಿಕೆಯನ್ನು ಅದನ್ನು ಹೊತ್ತು ತರುವ ಗಾಲಿಗಳ ವಿಷಯದಲ್ಲಿಯೂ ಕಾರ್ಖಾನೆಗಳು ತೋರಲೆಂಬುದು ನಮ್ಮ ಆಗ್ರಹ.